ಕ್ಯಾನ್ಸರ್ ಇರುವ ಮಕ್ಕಳಿಗೆ ಏನಾದ್ರೂ ಕೊಡಬೇಕಾ? ಮೊದಲು ಕೇಳಿ

ಆಟಿಕೆ ಅಂಗಡಿಗೆ ಹೋಗುವ ಮುಂಚೆ, ಈ ಮಕ್ಕಳಿಗೆ ನೆರವಾಗುವ ಸಂಸ್ಥೆಗೆ ಒಂದು ಫೋನ್ ಮಾಡಿ. ಏನು ಬೇಕು ಅಂತ ಅವರಿಗೇ ಗೊತ್ತಿರುತ್ತದೆ.

ಕೀಮೋಥೆರಪಿ ನಡೆಯುವಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮಗುವಿನಲ್ಲಿ ಕಡಿಮೆಯಾಗುತ್ತವೆ, ಹಾಗಾಗಿ ನಮಗೆ ಲೆಕ್ಕಕ್ಕೇ ಬಾರದ ಸಣ್ಣ ನೆಗಡಿಯೂ ಆ ಮಗುವನ್ನು ಮತ್ತೆ ಆಸ್ಪತ್ರೆಗೆ ಸೇರಿಸಬಹುದು. ಅದಕ್ಕೇ ಹಳೆಯ ಗೊಂಬೆ ಬೇಡ. ಹೂಗುಚ್ಛವನ್ನೂ ಎಷ್ಟೋ ವಾರ್ಡ್‌ಗಳಲ್ಲಿ ಬಿಡುವುದಿಲ್ಲ. ಹೊಸದು, ಪ್ಯಾಕ್ ಬಿಚ್ಚದ್ದು, ಒರೆಸಿ ಸ್ವಚ್ಛ ಮಾಡಬಹುದಾದದ್ದು ಕೊಡಿ. ಬಣ್ಣದ ಪೆನ್ಸಿಲ್, ಒಗಟಿನ ಪುಸ್ತಕ, ಇಸ್ಪೀಟು, ಮೆತ್ತನೆ ಟೋಪಿ. ಕೈಗೆ ಡ್ರಿಪ್ ಹಾಕಿರುತ್ತಾರೆ, ಒಂದೇ ಕೈಯಲ್ಲಿ ಆಡುವಂಥದ್ದಾದರೆ ಇನ್ನೂ ಒಳ್ಳೆಯದು.

ಹದಿಹರೆಯದವರನ್ನು ಎಲ್ಲರೂ ಮರೆಯುತ್ತಾರೆ. ಹದಿನೈದರ ಹುಡುಗನಿಗೆ ಕರಡಿ ಗೊಂಬೆ ಯಾಕೆ? ಇಯರ್‌ಫೋನ್ ಕೊಡಿ. ಮನೆಯಲ್ಲಿರುವ ಅಣ್ಣ ತಂಗಿಯರಿಗೂ ಏನಾದರೂ ಇರಲಿ, ಅಪ್ಪ ಅಮ್ಮ ಆಸ್ಪತ್ರೆಯಲ್ಲೇ ಇರುವಾಗ ಅವರು ಸುಮ್ನೆ ಒಂಟಿಯಾಗಿಬಿಡುತ್ತಾರೆ.

ದೊಡ್ಡ ಆಸೆ ಈಡೇರಿಸುವ ಸಂಸ್ಥೆಗಳಿವೆ, 1980ರಲ್ಲಿ ಅಮೆರಿಕದಲ್ಲಿ ಶುರುವಾದ ಮೇಕ್-ಎ-ವಿಶ್ ಅಂಥದ್ದು. ಅಲ್ಲಿಗೆ ಹಣ ಕೊಡುವುದೇ ಸುಲಭ. ನನ್ನ ಕೇಳಿದರೆ, ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಡುವುದು ಜಾಸ್ತಿ ಉಪಯೋಗ. ರಕ್ತದ ಕ್ಯಾನ್ಸರ್ ಚಿಕಿತ್ಸೆ ಕೆಲವರಿಗೆ ಎರಡು ಮೂರು ವರ್ಷ ನಡೆಯುತ್ತದೆ, ಉಡುಗೊರೆ ಮಾತ್ರ ಹಬ್ಬದ ದಿನವೇ ಬಂದು ರಾಶಿ ಬೀಳುತ್ತದೆ, ಅಲ್ವಾ?

ಸ್ವಯಂಸೇವಕರಾಗಿ ಹೋಗುವುದಾದರೆ ಲಸಿಕೆ ಹಾಕಿಸಿಕೊಂಡಿದ್ದೀರಾ ಅಂತ ಅವರು ಕೇಳಬಹುದು, ನಿಮ್ಮ ಹಿನ್ನೆಲೆಯನ್ನೂ ಪರಿಶೀಲಿಸಬಹುದು, ಬೇಸರ ಬೇಡ. ಕೆಮ್ಮಿದ್ದರೆ ಆ ದಿನ ಹೋಗಬೇಡಿ. ಫೋಟೊ ತೆಗೆಯಬೇಡಿ. ಕಾಯಿಲೆ ಬಗ್ಗೆ ನೀವಾಗಿ ಕೇಳಬೇಡಿ. ಮಗು ಆಟ ಬೇಡ ಅಂದರೆ ಸರಿ ಅನ್ನಿ, ಅಷ್ಟೇ.