ಕ್ಯಾಲಿಫೋರ್ನಿಯಾದಲ್ಲಿ ಕೋವಿ ಕೊಳ್ಳೋದು: ಹತ್ತು ದಿನದ ಲೆಕ್ಕ

ಕೊಡಗಿನವನು ಅಂತ ಗೊತ್ತಾದರೆ ಸಾಕು, ಇಲ್ಲಿನ ಕನ್ನಡದವರು ಕೋವಿ ವಿಷಯ ನನ್ನನ್ನೇ ಕೇಳುತ್ತಾರೆ. ಊರಲ್ಲಿ ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮ್ಮ ಆಯುಧದ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆಯನ್ನೂ ಮಾಡುತ್ತೇವೆ. ಸ್ಯಾಕ್ರಮೆಂಟೊದ ಅಂಗಡಿಯಲ್ಲಿ ಇದ್ಯಾವುದೂ ನಡೆಯೋದಿಲ್ಲ.

ಮೊದಲು ವೀಸಾ ನೋಡಿಕೊಳ್ಳಿ. ಕೆಲಸದ ಎಚ್-1ಬಿ, ಓದಿನ ಎಫ್-1 ವೀಸಾದಲ್ಲಿ ಇರುವವರಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ಆಗುತ್ತೆ ಅಂತ ಯಾರಾದರೂ ಹೇಳಬಹುದು. ಅಂಥ ವಿನಾಯಿತಿ ಇರುವುದು ನಿಜ, ಆದರೆ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಇದ್ದು 21 ತುಂಬಿದ್ದರೆ ಮುಂದೆ ಓದಿ.

ಆಮೇಲೆ ಸುರಕ್ಷತಾ ಪರೀಕ್ಷೆ. 30 ಪ್ರಶ್ನೆ, 23 ಸರಿ ಇರಬೇಕು, 25 ಡಾಲರ್ ಫೀಸು. ಅಂಗಡಿಯಲ್ಲೇ ಬರೆಯಬಹುದು. ಸರ್ಟಿಫಿಕೇಟು ಐದು ವರ್ಷ ನಡೆಯುತ್ತೆ. ಬೆಲೆ ಕೇಳುವಾಗ ಶೇ. 11ರ ರಾಜ್ಯ ಸುಂಕ ಸೇರಿದೆಯಾ ಅಂತಲೂ ಕೇಳಿ. 2024ರ ಜುಲೈನಿಂದ ಬಂದದ್ದು ಅದು.

ಅಂಗಡಿಯವರು ಅರ್ಜಿಯನ್ನು ಕಂಪ್ಯೂಟರಿನಲ್ಲಿ ಕಳಿಸಿದ ನಿಮಿಷದಿಂದ ಕಾಯುವ ಹತ್ತು ದಿನ ಶುರು. ಇದು ಗಂಟೆ ಲೆಕ್ಕ, 24 ಗಂಟೆಯ ಹತ್ತು ಸುತ್ತು. ಶನಿವಾರ ಮಧ್ಯಾಹ್ನ 3.40ಕ್ಕೆ ಅರ್ಜಿ ಹೋಯಿತು ಅನ್ನಿ. ಮುಂದಿನ ವಾರ ಬಿಟ್ಟು ಅದರಾಚೆಯ ಮಂಗಳವಾರ 3.40ಕ್ಕೆ ಮೊದಲು ಕೋವಿ ಕೈಗೆ ಬರೋದಿಲ್ಲ. ಬೇಗ ಹೋಗಿ ಕೌಂಟರಿನಲ್ಲಿ ವಾದ ಮಾಡಬೇಡಿ.

ವಾದ ಅಂದರೆ, ಈ ಹತ್ತು ದಿನ ಬೇಕಾ ಬೇಡವಾ ಅನ್ನೋ ವಾದ ಅಲ್ಲಿ ನಿಂತಾಗ ಕಿವಿಗೆ ಬಿದ್ದೇ ಬೀಳುತ್ತೆ. ಹಿನ್ನೆಲೆ ತಿಳಿದಿರಲಿ. 1994ರಲ್ಲಿ ಬ್ರೇಡಿ ಕಾನೂನು ಅನ್ನೋ ಫೆಡರಲ್ ಕಾನೂನು ಕೈಬಂದೂಕಿಗೆ ಐದು ದಿನ ಕಾಯಿಸುತ್ತಿತ್ತು. 1998ರಲ್ಲಿ ಕೊಳ್ಳುವವರ ಹಿನ್ನೆಲೆಯ ಕಂಪ್ಯೂಟರ್ ತಪಾಸಣೆ ಬಂದ ಮೇಲೆ ಆ ಕಾಯುವಿಕೆ ಹೋಯಿತು. ಅಂದಮೇಲೆ ಇಲ್ಲಿ ಹತ್ತು ದಿನ ಯಾಕೆ? ಸಿಟ್ಟಲ್ಲಿ, ಸಂಕಟದಲ್ಲಿ ಕೊಳ್ಳಲು ಬಂದವರು ತಣ್ಣಗಾಗಲಿ ಅಂತ. ಕಾಯುವ ನಿಯಮ ಇರುವ ಕಡೆ ಗುಂಡೇಟಿನ ಕೊಲೆ ಸುಮಾರು ಶೇ. 17ರಷ್ಟು ಕಮ್ಮಿ ಆಗುತ್ತೆ ಅಂತ ಹಾರ್ವರ್ಡ್ ಸಂಶೋಧಕರ 2017ರ ಅಧ್ಯಯನ ಹೇಳಿತು. ಆತ್ಮಹತ್ಯೆಯ ವಿಷಯ ನನಗೆ ಇನ್ನೂ ದೊಡ್ಡದು. ಕೋವಿ ಎತ್ತಿಕೊಂಡವರಿಗೆ ಮನಸ್ಸು ಬದಲಾಯಿಸೋಕೆ ಹೊತ್ತೇ ಸಿಗೋದಿಲ್ಲ.

ಕಾಯಿಸೋದು ಬೇಡ ಅನ್ನುವವರ ಮಾತೂ ಸುಳ್ಳಲ್ಲ. ಹಿಂದೆ ಬಿದ್ದವನಿಂದ ತಪ್ಪಿಸಿಕೊಳ್ಳಬೇಕಾದ ಹೆಂಗಸಿಗೆ ಹತ್ತು ದಿನ ಜಾಸ್ತಿಯೇ. ಇನ್ನೊಂದು ಪ್ರಶ್ನೆ: ಮನೆಯಲ್ಲಿ ಆಗಲೇ ಕೋವಿ ಇರುವವನನ್ನು ಕಾಯಿಸಿ ಏನು ಸಿಗುತ್ತೆ? ಇದನ್ನೇ ಹಿಡಿದು ಕೆಲವರು ಕೋರ್ಟಿಗೆ ಹೋದರು. 2014ರಲ್ಲಿ ಕೆಳಗಿನ ಕೋರ್ಟಲ್ಲಿ ಗೆದ್ದರು, 2016ರಲ್ಲಿ ಮೇಲ್ಮನವಿಯಲ್ಲಿ ಸೋತರು. 2018ರಲ್ಲಿ ಸುಪ್ರೀಂ ಕೋರ್ಟ್ ಕೇಸು ಎತ್ತಿಕೊಳ್ಳಲಿಲ್ಲ. ನನ್ನ ಮಟ್ಟಿಗೆ, ಮೊದಲ ಕೋವಿಗೆ ಕಾಯಿಸಲಿ. ಎರಡನೆಯದಕ್ಕೆ ಸುಮ್ನೆ ಓಡಾಟ. ನ್ಯೂ ಮೆಕ್ಸಿಕೊದ ಏಳು ದಿನದ ನಿಯಮದ ವಿರುದ್ಧ 2025ರಲ್ಲಿ ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿದೆ, ಹಾಗಾಗಿ ಈ ಜಗಳ ಇಷ್ಟಕ್ಕೇ ನಿಲ್ಲೋದಿಲ್ಲ.

ಆ ಹತ್ತು ದಿನದಲ್ಲಿ ಲಾಕ್ ಪೆಟ್ಟಿಗೆ ತಂದು ಗೋಡೆಗೆ ಬೋಲ್ಟ್ ಹಾಕಿಸಿ. ಕೀಲಿ ಎಲ್ಲಿರುತ್ತೆ ಅಂತ ಮಕ್ಕಳಿಗೆ ಗೊತ್ತಾಗಬಾರದು. ಮನೆಯವರ ಜೊತೆ ಕೂತು ಮಾತಾಡಿ. ಯಾರದಾದರೂ ಮನಸ್ಸು ಸರಿ ಇಲ್ಲ ಅನಿಸಿದರೆ ಅರ್ಜಿ ಬಿಟ್ಟುಬಿಡಿ, ಫೀಸು ಹೋದರೆ ಹೋಗಲಿ.

ಇನ್ನೊಂದು: ಅರ್ಜಿ ಹಾಕಿದ 30 ದಿನದೊಳಗೆ ಕೋವಿ ತೆಗೆದುಕೊಳ್ಳದಿದ್ದರೆ ಮತ್ತೆ ಮೊದಲಿಂದ ಶುರು. ಊರಿಗೆ ಟಿಕೆಟ್ ಬುಕ್ ಆಗಿದ್ದರೆ ಹೋಗಿಬಂದ ಮೇಲೇ ಅಂಗಡಿ ಮೆಟ್ಟಿಲು ಹತ್ತಿ.