ಗುಳ್ಳೆ ಏಳದ ಹನಿ

ಹನಿಯ ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದವು. ಒಂದೇ ಜಾಗದಿಂದ, ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ. ನೀರು ಒರೆಸಿ ನೋಡಿದರೆ ಗಾಜಿನಲ್ಲಿ ಅಲ್ಲೊಂದು ಕಂದು ಚುಕ್ಕೆ. ಪದರ ತೂತಾಗಿತ್ತು.

ಆಟಿ ತಿಂಗಳು, ಮಂಗಳೂರಿನ ಮಳೆ. ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಎಲೆಕ್ಟ್ರೋವೆಟಿಂಗ್, ಅಂದರೆ ವೋಲ್ಟೇಜಿನಿಂದ ಹನಿಯನ್ನು ಹರಡಿಸುವುದನ್ನು, ಆರಿಸಿಕೊಂಡಿದ್ದೆ. ಕರೆಂಟು ಹರಿಯುವ ಐಟಿಒ ಗಾಜು, ಅದರ ಮೇಲೆ 10 ಮೈಕ್ರೋಮೀಟರ್ ಆಸುಪಾಸಿನ ಪಿಡಿಎಂಎಸ್ (ಕರೆಂಟು ಹರಿಯದ ಸಿಲಿಕೋನ್ ರಬ್ಬರ್) ಪದರ, ಮೇಲೆ 5 ಮೈಕ್ರೋಲೀಟರ್ ಉಪ್ಪುನೀರು, ಹನಿಗೆ ಅದ್ದಿದ ತೆಳು ಪ್ಲಾಟಿನಂ ತಂತಿ. ಸುರಕ್ಷತೆಗೆ ಸಾಲಿನಲ್ಲಿ 1 ಮೆಗಾಓಮ್ ರೆಸಿಸ್ಟರ್, ಇದನ್ನು ಮಾತ್ರ ಯಾರೂ ಬಿಡಬೇಡಿ. ವೋಲ್ಟೇಜ್ ಕೊಟ್ಟರೆ ಪದರದ ಎರಡೂ ಬದಿ ಚಾರ್ಜ್ ಸೇರಿ ಹನಿ ಹರಡಬೇಕು.

ಫ್ರೆಂಚ್ ವಿಜ್ಞಾನಿ ಲಿಪ್‌ಮನ್ 1875ರಲ್ಲಿ ಪಾದರಸದ ಮೇಲೆ ಇಂಥದ್ದನ್ನೇ ತೋರಿಸಿದ್ದ. ಅಲ್ಲಿ ದ್ರವ ನೇರವಾಗಿ ಲೋಹಕ್ಕೆ ತಾಗುತ್ತಿತ್ತು. ಹಾಗಾಗಿ ಒಂದೆರಡು ವೋಲ್ಟ್ ದಾಟಿದರೆ ನೀರೇ ಅನಿಲವಾಗಿ ಒಡೆದು ಗುಳ್ಳೆ ಏಳುತ್ತದೆ. 1993ರಲ್ಲಿ ಬರ್ಜ್ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ನಡುವೆ ಕರೆಂಟು ಹರಿಯದ ತೆಳು ಪದರ (ಇನ್ಸುಲೇಟರ್) ಇಟ್ಟ ಮೇಲೆ ನೂರಾರು ವೋಲ್ಟ್ ಕೊಡಲು ಸಾಧ್ಯವಾಯಿತು. ಒಂದು ಸೂಜಿಮೊನೆಯಷ್ಟು ತೂತು ಸಾಕು, ಬರ್ಜ್ ಮಾಡಿದ್ದೆಲ್ಲ ವ್ಯರ್ಥ.

ತಪ್ಪು ನನ್ನದೇ. ಆ ತೇವದಲ್ಲಿ ಬೀರುವಿನಿಂದ ತೆಗೆದ ಗಾಜಿಗೆ ಹಾಗೇ ಪದರ ಹಾಕಿದ್ದೆ. ಆಮೇಲೆ ಸೋಪು, ಅಸಿಟೋನ್‌ನಲ್ಲಿ ತೊಳೆದು, ಹಾಟ್‌ಪ್ಲೇಟಿನಲ್ಲಿ 120 ಡಿಗ್ರಿಗೆ ಹತ್ತು ನಿಮಿಷ ಒಣಗಿಸಿದೆ. ಪಿಡಿಎಂಎಸ್ಸಿನ ಗಾಳಿಗುಳ್ಳೆ ವ್ಯಾಕ್ಯೂಮಿನಲ್ಲಿ ಹೋಗುವ ತನಕ ಕಾದೆ. ಒಂದೇ ದಪ್ಪ ಪದರದ ಬದಲು ಎರಡು ತೆಳು ಪದರ ಹಾಕಿದೆ. ಒಂದರ ತೂತಿನ ಮೇಲೇ ಇನ್ನೊಂದರ ತೂತು ಬರುವುದು ಅಪರೂಪ, ಅಲ್ವಾ?

ಫೋನಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಪಕ್ಕದಿಂದ ಫೋಟೋ ತೆಗೆದು, ಹನಿಯ ಅಂಚು ಪದರಕ್ಕೆ ತಾಗುವ ಕೋನ ಅಳೆದೆ; ಹನಿ ಹರಡಿದಷ್ಟೂ ಅದು ಕಮ್ಮಿ. ಶುರುವಿಗೆ 110 ಡಿಗ್ರಿ. ಕೆಸುವಿನ ಎಲೆ ಮೇಲಿನಷ್ಟು ಗುಂಡಗಲ್ಲ, ಆದರೂ ಉಬ್ಬಿ ಕೂತಿತ್ತು. 100 ವೋಲ್ಟಿಗೆ 100 ಡಿಗ್ರಿ. 200ಕ್ಕೆ 72! ಪರಿಣಾಮ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ಕಂಡಾಗ ಮೈ ಜುಮ್ಮೆಂದಿತು. 250ಕ್ಕೆ ಸೂತ್ರದ ಪ್ರಕಾರ 50ಕ್ಕಿಂತ ಕೆಳಗೆ ಇಳಿಯಬೇಕಿತ್ತು. ಹನಿ 65ರಲ್ಲೇ ನಿಂತಿತು. ಇದನ್ನು ಸ್ಯಾಚುರೇಷನ್ ಅಂತಾರೆ. ಜಾಸ್ತಿ ವೋಲ್ಟೇಜ್ ಕೊಟ್ಟರೆ ಸುಮ್ನೆ ಪದರ ಹಾಳು.

ಡಿಸಿಯಲ್ಲಿ ಸ್ವಿಚ್ ಆರಿಸಿದರೂ ಹನಿಯ ಅಂಚು ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ, ಅಂಟಿಕೊಳ್ಳುತ್ತಿತ್ತು. 1 ಕಿಲೋಹರ್ಟ್ಸ್ ಎಸಿಗೆ ಬದಲಾಯಿಸಿದ ಮೇಲೆ ಅಂಚು ಸಲೀಸಾಯಿತು. ಒತ್ತಿದರೆ ಚಪ್ಪಟೆ, ಬಿಟ್ಟರೆ ಉಬ್ಬು. ಮೂವತ್ತು ಸಲ ಒತ್ತಿದೆ. ಮೂವತ್ತನೇ ಸಲವೂ ತಳದಿಂದ ಗುಳ್ಳೆ ಏಳಲಿಲ್ಲ.