ಕಲ್ಯಾಣದ ಸಾಲಿನಲ್ಲಿ ನಾನು ಬಿಟ್ಟ ಮಾತುಗಳು

ಮಂಟೇಸ್ವಾಮಿ ಎಂಬ ಸಂತನ ಜನಪದ ಹಾಡುಗತೆಯಲ್ಲಿ ನಾನು ಮೊದಲು ಕಲಿತದ್ದು ಕಲ್ಯಾಣದ ಸಾಲು, ಎಂದರೆ ಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವ ಭಾಗ. ಕಲಿಸಿದವರು ಮಳವಳ್ಳಿ ಕಡೆಯ ಹಿರಿಯ ನೀಲಗಾರರೊಬ್ಬರು. ನೀಲಗಾರರೆಂದರೆ ಈ ಕತೆಯನ್ನು ಹಾಡುವ ಪರಂಪರೆಯವರು. ಅವರನ್ನು ತಾತ ಎಂದೇ ಕರೆಯುತ್ತಿದ್ದೆ. ಒಂದು ಕೈಯಲ್ಲಿ ತಂಬೂರಿ ಮೀಟುತ್ತ ಇನ್ನೊಂದರಲ್ಲಿ ಗಗ್ಗರ ಆಡಿಸುವುದು ಕೂಡಿಬರಲು ಆರು ತಿಂಗಳು ಹಿಡಿಯಿತು. ಪದಗಳು ಮಾತ್ರ ಬೇಗ ಬಾಯಿಗೆ ಬಂದವು.

ಮಂಟೇದಯ್ಯ, ಅಂದರೆ ಮಂಟೇಸ್ವಾಮಿ, ಕಲ್ಯಾಣದ ಬಾಗಿಲಿಗೆ ಬರುವುದು ಕುಷ್ಠ ಹತ್ತಿದ ಮೈಯಲ್ಲಿ. ಹುಣ್ಣು, ಕೀವು, ಮುತ್ತಿದ ನೊಣ, ಹೆಗಲ ಮೇಲೆ ಸತ್ತ ಕರು. ನೀಲಗಾರರು ಇದನ್ನು ಅವಸರವಿಲ್ಲದೆ, ಬಿಡಿಸಿ ಬಿಡಿಸಿ ಹಾಡುತ್ತಾರೆ. ಒಂದು ಕಾಲೇಜಿನ ವೇದಿಕೆಯಲ್ಲಿ ನಾನು ಅದಷ್ಟನ್ನೂ ಬಿಟ್ಟೆ. ಕೇಳುವವರಿಗೆ ಅಸಹ್ಯವಾದೀತು ಎಂದುಕೊಂಡು, ಬಡ ಜಂಗಮನೊಬ್ಬ ಬಂದ ಎಂದಷ್ಟೇ ಹೇಳಿ, ಬಸವಣ್ಣ ನೀಲಮ್ಮ ಬರಮಾಡಿಕೊಳ್ಳುವ ಜಾಗಕ್ಕೆ ಹಾರಿದೆ. ಜೋರು ಚಪ್ಪಾಳೆ ಬಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ ತಾತ ಮಾತಾಡಲಿಲ್ಲ. ಇಳಿದ ಮೇಲೆ ಕೇಳಿದರು: “ಸ್ವಾಮಿಗೆ ನೀನೇ ಮೀಯಿಸಿ ಮಡಿ ಉಡಿಸಿ ಕರೆದುಕೊಂಡು ಹೋದೆಯಲ್ಲ ಕಂದ, ಬಸವಣ್ಣನಿಗೆ ಇನ್ನೇನು ಕೆಲಸ ಉಳಿಯಿತು?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕತೆಯ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಮಾಡಿದ್ದನ್ನೇ ನಾನೂ ಮಾಡಿದ್ದೆ: ಅವನನ್ನು ಬಾಗಿಲಲ್ಲೇ ನಿಲ್ಲಿಸಿದ್ದೆ.

ಮತ್ತೆ ಮೊದಲಿನಿಂದ ಅಭ್ಯಾಸಕ್ಕೆ ಕುಳಿತೆ. ಈ ಸಲ ಸೊಲ್ಲಿನ ಕಡೆ, ಎಂದರೆ ಹಿಮ್ಮೇಳದ ಪಲ್ಲವಿಯ ಕಡೆ, ಗಮನ ಹೋಯಿತು. ಮುಂದಾಳು ಒಂದು ಸಾಲು ಹಾಡಿದೊಡನೆ ಹಿಮ್ಮೇಳದವರು ಸ್ವಾಮಿಯನ್ನು ಬನ್ನಿ ಎಂದು ಕರೆಯುತ್ತಾರೆ. ಕೀವು ಎಂಬ ಮಾತಿನ ಬೆನ್ನಿಗೂ ಬನ್ನಿ, ನೊಣ ಎಂಬ ಮಾತಿನ ಬೆನ್ನಿಗೂ ಬನ್ನಿ. ಮುಖ ತಿರುಗಿಸಲು ಹಾಡು ಪುರುಸೊತ್ತನ್ನೇ ಕೊಡುವುದಿಲ್ಲ. ನಾನು ಇಷ್ಟು ದಿನ ಸೊಲ್ಲನ್ನು ಉಸಿರು ತೆಗೆದುಕೊಳ್ಳುವ ಬಿಡುವು ಎಂದು ತಿಳಿದಿದ್ದೆ. ಈಗ ಹಾಡಲು ನಿಂತರೆ ಮೊದಲು ಜನರಿಗೆ ಸೊಲ್ಲು ಹೇಳಿಕೊಡುತ್ತೇನೆ, ಅವರ ದನಿ ಕೂಡುವವರೆಗೆ ಕತೆ ಎತ್ತುವುದಿಲ್ಲ.

ಜನವರಿಯ ಹುಣ್ಣಿಮೆಗೆ ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆಗೆ ಹೋದೆವು. ನಾಲ್ಕನೆಯ ದಿನ ಪಂಕ್ತಿಸೇವೆ. ಹಲವು ಜಾತಿಯ ಕುಟುಂಬಗಳು ಬಿಡಾರ ಹೂಡಿ, ಬಾಡೂಟ ಮಾಡಿ, ಸಾಲಾಗಿ ಕೂತು ಉಣ್ಣುವ ದಿನ. ಒಂದು ಬಿಡಾರದ ಮುಂದೆ ಕಲ್ಯಾಣದ ಸಾಲನ್ನು ಒಂದು ಮಾತೂ ಬಿಡದೆ ಹಾಡಿದೆ. ಕೀವಿನ ಮಾತು ಬಂದಾಗ ಎದುರು ಕುಳಿತಿದ್ದ ಪುಟ್ಟ ಹುಡುಗಿ ಮೂಗು ಮುಚ್ಚಿಕೊಂಡಳು. ಮುಚ್ಚಿದ ಕೈ ತೆಗೆಯದೆಯೇ ಎಲ್ಲರ ಜೊತೆ ಬನ್ನಿ ಎಂದಳು.